ಬಿಎಸ್ಸಿ ಓದುತ್ತಲೇ ಸಾರ್ವಜನಿಕ ಆರೋಗ್ಯ ಸಂಶೋಧನೆಯ ಗುರಿಯನ್ನು ಎಷ್ಟರ ಮಟ್ಟಿಗೆ ಖಚಿತಪಡಿಸಿಕೊಳ್ಳಬೇಕು?

ಐದನೇ ಸೆಮಿಸ್ಟರ್ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಪದವಿ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರ ಮತ್ತು ಸೂಕ್ಷ್ಮಜೀವಶಾಸ್ತ್ರ ಓದುತ್ತಿದ್ದೇನೆ. ವಿಜ್ಞಾನ ಅಕಾಡೆಮಿಗಳು ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಬೇಕೆಂದಿದ್ದೇನೆ. ಆ ಅರ್ಜಿಗೂ, ಮುಂದೆ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಅಥವಾ ಎಂಎಸ್ಸಿ ಪ್ರವೇಶಕ್ಕೂ ನನ್ನ ಗುರಿ ಏನೆಂದು ಬರೆದು ಕೊಡಬೇಕಾಗುತ್ತದೆ. ನಾನು ಬರೆದ ಮೊದಲ ಕರಡು ಹೀಗಿದೆ:

"ಸಾರ್ವಜನಿಕ ಆರೋಗ್ಯ ಸಂಶೋಧಕಿಯಾಗಿ ಸಮಾಜದ ಆರೋಗ್ಯವನ್ನು ಉತ್ತಮಪಡಿಸುವುದು ನನ್ನ ಗುರಿ. ಕ್ಷಯ, ಡೆಂಗಿ, ಮಂಗನ ಕಾಯಿಲೆ ಮತ್ತು ರಕ್ತಹೀನತೆಯ ವಿಷಯಗಳಲ್ಲಿ ನನಗೆ ವಿಶೇಷ ಆಸಕ್ತಿಯಿದೆ."

ನಮ್ಮ ವಿಭಾಗದ ಮೇಡಂ ಇದನ್ನು ಓದಿ, "ಇಷ್ಟನ್ನು ಯಾರು ಬೇಕಾದರೂ ಬರೆಯಬಹುದು, ನಿನ್ನದು ಏನು ಅಂತ ಬರೆದುಕೊಂಡು ಬಾ" ಎಂದು ಹಿಂದಿರುಗಿಸಿದರು. ಮನೆಯಲ್ಲಿ ಇನ್ನೊಂದು ಪ್ರಶ್ನೆಯಿದೆ. ಎಂಬಿಬಿಎಸ್ ಮಾಡದವರಿಗೆ ಆರೋಗ್ಯ ಕ್ಷೇತ್ರದಲ್ಲಿ ಸಂಶೋಧನೆ ಮಾಡಲು ಯಾರು ಬಿಡುತ್ತಾರೆ ಎಂದು ಅಪ್ಪ ಕೇಳುತ್ತಾರೆ. ಈ ಕ್ಷೇತ್ರದಲ್ಲಿ ಇರುವವರು, ಇದ್ದು ಹೊರಬಂದವರು ಎರಡಕ್ಕೂ ಉತ್ತರಿಸಿದರೆ ಉಪಕಾರವಾಗುತ್ತದೆ.

ಕ್ಷೇತ್ರಕಾರ್ಯ

ನಿಮ್ಮ ಮೇಡಂ ಹೇಳಿದ್ದು ಸರಿಯಾಗಿದೆ. ನೀವು ಹೆಸರಿಸಿದ ನಾಲ್ಕು ಕಾಯಿಲೆಗಳು ನಾಲ್ಕು ಬೇರೆ ಬೇರೆ ಕಸುಬುಗಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಕಾಯಿಲೆಯನ್ನು ಅಧ್ಯಯನ ಮಾಡುವವರಿಗೆ ಅದನ್ನು ಹರಡುವ ಉಣ್ಣಿ ಹುಳುಗಳ ಬಗ್ಗೆ, ಕಾಡಿನ ಅಂಚಿನ ಊರುಗಳ ಬಗ್ಗೆ, ಪಶುವೈದ್ಯದ ಬಗ್ಗೆ ತಿಳಿದಿರಬೇಕು. ಡೆಂಗಿಯವರಿಗೆ ಸೊಳ್ಳೆಯ ಜೊತೆಗೆ ನಗರದ ನೀರು ಸರಬರಾಜೂ ಗೊತ್ತಿರಬೇಕು, ಏಕೆಂದರೆ ದಿನ ಬಿಟ್ಟು ದಿನ ನೀರು ಬರುವ ಬಡಾವಣೆಯಲ್ಲಿ ಡ್ರಮ್ಮಿನಲ್ಲಿ ನೀರು ತುಂಬಿಡಬೇಡಿ ಎಂದು ಹೇಳಿ ಪ್ರಯೋಜನವಿಲ್ಲ. ಎಲ್ಲದರಲ್ಲೂ ಆಸಕ್ತಿ ಇರುವುದು ತಪ್ಪಲ್ಲ. ಆದರೆ ಕಾಯಿಲೆಯ ಹೆಸರು ಗುರಿಯಾಗುವುದಿಲ್ಲ, ಆ ಕಾಯಿಲೆಯ ಬಗ್ಗೆ ನೀವು ಕೇಳುವ ಪ್ರಶ್ನೆ ಗುರಿಯಾಗುತ್ತದೆ.

ನಮ್ಮ ನಾಡಿನದೇ ಉದಾಹರಣೆ ಕೊಡುತ್ತೇನೆ. ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಗಿದ್ದು 1959ರಲ್ಲಿ. ಹಳ್ಳಿಯವರಿಗೆ ಕ್ಷಯದ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ, ಆದ್ದರಿಂದ ಎಕ್ಸ್‌ರೇ ವಾಹನ ತೆಗೆದುಕೊಂಡು ನಾವೇ ಮನೆಬಾಗಿಲಿಗೆ ಹೋಗಬೇಕು ಎಂಬ ನಂಬಿಕೆ ಆಗ ಬಲವಾಗಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಆ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ತುಮಕೂರು ಜಿಲ್ಲೆಯಲ್ಲಿ ಸಮೀಕ್ಷೆಯಿಂದ ಪತ್ತೆಯಾದ ರೋಗಿಗಳ ಬಳಿ ಹೋಗಿ, ನಿಮಗೆ ಏನಾಗುತ್ತಿದೆ, ಅದಕ್ಕೆ ಏನು ಮಾಡಿದಿರಿ ಎಂದು ಕೇಳಿದರು. ಬಹುತೇಕರಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು. ಅರ್ಧಕ್ಕೂ ಹೆಚ್ಚು ಜನ ಆಗಲೇ ಆರೋಗ್ಯ ಕೇಂದ್ರಕ್ಕೆ ಹೋಗಿ ಬಂದಿದ್ದರು, ಮತ್ತು ಅಲ್ಲಿ ಸಿಕ್ಕಿದ್ದು ಸಾಮಾನ್ಯವಾಗಿ ಕೆಮ್ಮಿನ ಔಷಧಿಯ ಬಾಟಲಿ. 1963ರಲ್ಲಿ ಪ್ರಕಟವಾದ ಈ ಅಧ್ಯಯನದ ತಿರುಳು, ಕೆಮ್ಮಿಕೊಂಡು ತಾವಾಗಿ ಬಂದವರ ಕಫವನ್ನು ಪರೀಕ್ಷಿಸುವ ವ್ಯವಸ್ಥೆಯನ್ನು ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲೇ ಕಟ್ಟಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮದ ಅಡಿಪಾಯದಲ್ಲಿ ಸೇರಿತು.

ಅವರು "ಕ್ಷಯದಲ್ಲಿ ಆಸಕ್ತಿ" ಎಂದು ಹೊರಟವರಲ್ಲ, ರೋಗಿ ಬರುವುದಿಲ್ಲ ಎನ್ನುವುದು ನಿಜವೇ ಎಂದು ಕೇಳಿದವರು. ನಿಮ್ಮ ಕೋರ್ಸಿನಲ್ಲೋ ಹೊರಗೋ, ಇದು ನಿಜವೇ ಎಂದು ನಿಮಗೆ ಅನುಮಾನ ಬಂದ ಒಂದು ಸಂಗತಿಯನ್ನು ಹೇಳಿ. ಅಲ್ಲಿಂದ ಮುಂದುವರಿಯೋಣ.

ಬೆಂಚ್ ಬಿಡದವರು

ಕ್ಷೇತ್ರಕಾರ್ಯ ಅವರ ಮಾತನ್ನು ಒಪ್ಪುತ್ತೇನೆ, ಒಂದು ತಕರಾರಿನೊಂದಿಗೆ. ಸಾರ್ವಜನಿಕ ಆರೋಗ್ಯ ಎಂದ ತಕ್ಷಣ ಬಿಎಸ್ಸಿ ಮಕ್ಕಳು ಪ್ರಯೋಗಾಲಯವನ್ನು ಬಿಟ್ಟು ಪ್ರಶ್ನಾವಳಿ ಹಿಡಿದು ಹಳ್ಳಿಗೆ ಹೋಗಬೇಕು ಎಂದುಕೊಳ್ಳುತ್ತಾರೆ. ಮೂರು ವರ್ಷ ಕಲಿತದ್ದನ್ನು ಹಾಗೆ ಬದಿಗೆ ಸರಿಸುವುದು ನಷ್ಟ. ಡೆಂಗಿಯನ್ನೇ ತೆಗೆದುಕೊಳ್ಳಿ: ಜ್ವರ ಬಂದ ಮೊದಲ ಕೆಲವು ದಿನಗಳಲ್ಲಿ ವೈರಾಣುವಿನ ಪ್ರೋಟೀನನ್ನೇ ಹುಡುಕುವ ಎನ್‌ಎಸ್1 ಪರೀಕ್ಷೆ ಉಪಯೋಗಕ್ಕೆ ಬರುತ್ತದೆ, ಐಜಿಎಂ ಪ್ರತಿಕಾಯಗಳು ಕಾಣಿಸಿಕೊಳ್ಳುವುದು ಅದರ ನಂತರ. ರೋಗಿ ಎಷ್ಟನೇ ದಿನ ಬಂದ ಎಂಬುದನ್ನು ಬರೆದುಕೊಳ್ಳದೆ ಎರಡನ್ನೂ ಒಂದೇ ಕಾಲಂನಲ್ಲಿ ಸೇರಿಸಿದ ಪಟ್ಟಿಗಳನ್ನು ನಾನು ನೋಡಿದ್ದೇನೆ. ಅಂಥ ಪಟ್ಟಿಯ ಮೇಲೆ ಎಷ್ಟು ಚಂದದ ಗ್ರಾಫ್ ಬರೆದರೂ ಅದಕ್ಕೆ ಅರ್ಥವಿರುವುದಿಲ್ಲ. ಪರೀಕ್ಷೆ ಏನನ್ನು ಅಳೆಯುತ್ತದೆ, ಎಲ್ಲಿ ತಪ್ಪುತ್ತದೆ ಎಂದು ತಿಳಿದವರು ತಂಡದಲ್ಲಿ ಒಬ್ಬರಾದರೂ ಇರಬೇಕು. ಆ ಒಬ್ಬರು ನೀವಾಗಬಹುದು.

ಐದನೇ ಸೆಮಿಸ್ಟರ್

ಇಬ್ಬರಿಗೂ ಧನ್ಯವಾದಗಳು. ಅನುಮಾನ ಬಂದ ಸಂಗತಿ ಎಂದಾಗ ನನಗೆ ನೆನಪಾದದ್ದು ಎನ್‌ಎಸ್‌ಎಸ್ ಶಿಬಿರ. ಕಳೆದ ವರ್ಷ ಮಾಗಡಿ ತಾಲ್ಲೂಕಿನ ಒಂದು ಊರಿನ ಪ್ರೌಢಶಾಲೆಯಲ್ಲಿ ಹುಡುಗಿಯರ ಹಿಮೋಗ್ಲೋಬಿನ್ ಪರೀಕ್ಷೆ ನಡೆಯಿತು. ಬೆರಳ ತುದಿಗೆ ಚುಚ್ಚಿ, ಮೊದಲ ಹನಿಯನ್ನು ಒರೆಸಿ, ಆಮೇಲಿನ ಹನಿಯನ್ನು ಪುಟ್ಟ ಪ್ಲಾಸ್ಟಿಕ್ ಕ್ಯುವೆಟ್‌ಗೆ ಎಳೆದುಕೊಂಡು ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಇಡುವುದು ಕ್ರಮ. ಬೆಳಗಿನ ಚಳಿಗೆ ಮಕ್ಕಳ ಕೈ ತಣ್ಣಗಿತ್ತು, ರಕ್ತ ಸುಲಭವಾಗಿ ಬರುತ್ತಿರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿದ್ದುದರಿಂದ ಚುಚ್ಚುತ್ತಿದ್ದವರು ಬೆರಳನ್ನು ಹಿಂಡಿ ಹಿಂಡಿ ಹನಿ ತೆಗೆಯುತ್ತಿದ್ದರು. ಒಬ್ಬ ಹುಡುಗಿಗೆ ಡೆಸಿಲೀಟರಿಗೆ 11.7 ಗ್ರಾಂ ಬಂತು. ಕ್ಯುವೆಟ್‌ನಲ್ಲಿ ಗಾಳಿಗುಳ್ಳೆ ಕಂಡಿತೆಂದು ಇನ್ನೊಂದು ಕೈಯ ಬೆರಳಿನಿಂದ ಮತ್ತೆ ತೆಗೆದಾಗ 12.4 ಬಂತು. ಆ ವಯಸ್ಸಿನ ಹುಡುಗಿಯರಿಗೆ ಗಡಿ 12 ಎಂದು ಹೇಳಿದ್ದರು. ಅವಳನ್ನು ರಕ್ತಹೀನತೆಯ ಪಟ್ಟಿಗೆ ಸೇರಿಸಬೇಕೋ ಬೇಡವೋ ಎಂದು ನಾನು ಕೇಳಿದೆ. "ಮೊದಲು ಬಂದದ್ದನ್ನೇ ಬರಿ, ಹೇಗೂ ಎಲ್ಲರಿಗೂ ನೀಲಿ ಮಾತ್ರೆ ಕೊಡ್ತೀವಲ್ಲ" ಎಂದರು.

ಕಾಲೇಜಿನಲ್ಲಿ ನಾವು ಡ್ರಾಬ್ಕಿನ್ ದ್ರಾವಣ ಬಳಸಿ 540 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಹಿಮೋಗ್ಲೋಬಿನ್ ಅಳೆಯುತ್ತೇವೆ, ಪ್ರತಿ ಮಾದರಿಯನ್ನೂ ಎರಡು ಸಲ ಮಾಡದಿದ್ದರೆ ರೆಕಾರ್ಡ್ ಪುಸ್ತಕಕ್ಕೆ ಸಹಿ ಸಿಗುವುದಿಲ್ಲ. ಶಿಬಿರದ ಅಂಕಿಗಳು ಎಲ್ಲಿಗೆ ಹೋದವು, ಅವುಗಳಿಂದ ಏನನ್ನು ತೀರ್ಮಾನಿಸಿದರು ಎಂಬ ಕುತೂಹಲ ಉಳಿದುಬಿಟ್ಟಿದೆ. ಇದು ಸಂಶೋಧನೆಯ ಪ್ರಶ್ನೆ ಎನಿಸಿಕೊಳ್ಳುತ್ತದೆಯೇ, ಅಥವಾ ಬರೀ ಪ್ರಾಕ್ಟಿಕಲ್ ಪರೀಕ್ಷೆಯ ಮಟ್ಟದ ಕಿರಿಕಿರಿಯೇ?

ಸರಾಸರಿ

ಇದು ಅಪ್ಪಟ ಸಂಶೋಧನೆಯ ಪ್ರಶ್ನೆ, ಮತ್ತು ದೇಶದ ಮಟ್ಟದಲ್ಲಿ ಚರ್ಚೆಯಾದ ಪ್ರಶ್ನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಬೆರಳ ತುದಿಯ ರಕ್ತವನ್ನೇ ಬಳಸುತ್ತಿತ್ತು. 2015–16ರ ನಾಲ್ಕನೇ ಸುತ್ತಿನ ಪ್ರಕಾರ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 58ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 2016–18ರಲ್ಲಿ, ನಡೆದ ಸಮಗ್ರ ರಾಷ್ಟ್ರೀಯ ಪೌಷ್ಟಿಕಾಂಶ ಸಮೀಕ್ಷೆಯು ಅಭಿಧಮನಿಯಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಅಳೆಯಿತು. ಅಲ್ಲಿ 1ರಿಂದ 4 ವರ್ಷದ ಮಕ್ಕಳಲ್ಲಿ ಸಿಕ್ಕಿದ್ದು ಸುಮಾರು ಶೇ 41. ವಯೋಮಿತಿ ಒಂದೇ ಅಲ್ಲ ಎಂಬುದನ್ನು ಗಮನಿಸಬೇಕು, ಒಂದು ವರ್ಷದೊಳಗಿನ ಮಕ್ಕಳು ಎರಡನೆಯದರಲ್ಲಿ ಇಲ್ಲ. ಆದರೂ ಅಂತರದ ಪೂರ್ತಿ ಭಾರವನ್ನು ವಯಸ್ಸಿನ ಮೇಲೆ ಹೊರಿಸಲು ಆಗುವುದಿಲ್ಲ. ಬೆರಳನ್ನು ಹಿಂಡಿದಾಗ ಅಂಗಾಂಶದ ದ್ರವ ರಕ್ತಕ್ಕೆ ಬೆರೆತು ಅಂಕಿ ಇಳಿಯುತ್ತದೆ ಎಂಬುದನ್ನು ನೀವೇ ಕಣ್ಣಾರೆ ನೋಡಿದ್ದೀರಿ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಅಳತೆಯ ದೋಷ ಒಂದೇ ದಿಕ್ಕಿಗೆ ವಾಲದೆ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ತೋರಿಸಿ ಸರಾಸರಿಯನ್ನು ಹಾಗೇ ಉಳಿಸಿದರೂ, ರಕ್ತಹೀನರ ಶೇಕಡಾವಾರು ಬದಲಾಗುತ್ತದೆ. ನಾನೇ ಕಲ್ಪಿಸಿಕೊಂಡ ಅಂಕಿಗಳಿಂದ ತೋರಿಸುತ್ತೇನೆ. ಒಂದು ಜನಸಮೂಹದ ನಿಜವಾದ ಸರಾಸರಿ 13, ಅಂಕಿಗಳ ಹರಡುವಿಕೆಯನ್ನು ಹೇಳುವ ಮಾನಕ ವಿಚಲನೆ 1.2, ಹಂಚಿಕೆ ಗಂಟೆಯಾಕಾರದ್ದು ಎಂದಿಟ್ಟುಕೊಳ್ಳಿ. 12ಕ್ಕಿಂತ ಕೆಳಗಿರುವವರು ಸುಮಾರು ಶೇ 20. ಈಗ ಯಂತ್ರ ಮತ್ತು ಕೈಗಳ ಕಾರಣದಿಂದ 1 ಗ್ರಾಂ ಮಾನಕ ವಿಚಲನೆಯಷ್ಟು ಯಾದೃಚ್ಛಿಕ ದೋಷ ಸೇರಿತು ಎನ್ನಿ. ಸರಾಸರಿ 13ರಲ್ಲೇ ನಿಲ್ಲುತ್ತದೆ, ಆದರೆ ಹಂಚಿಕೆ ಅಗಲವಾಗುವುದರಿಂದ 12ಕ್ಕಿಂತ ಕೆಳಗೆ ಬೀಳುವವರು ಸುಮಾರು ಶೇ 26 ಆಗುತ್ತಾರೆ. ಒಬ್ಬರ ರಕ್ತವೂ ಬದಲಾಗಿಲ್ಲ, ಕಾಯಿಲೆ ಮಾತ್ರ ಹೆಚ್ಚಿದಂತೆ ಕಾಣುತ್ತದೆ. ಸರಾಸರಿಯು ಗಡಿಗಿಂತ ಕೆಳಗಿರುವ ಸಮೂಹದಲ್ಲಿ ಇದರ ಪರಿಣಾಮ ತಿರುವುಮುರುವು.

ಹೀಗಿರುವಾಗ, ಮಹಿಳೆಯರಲ್ಲಿ ರಕ್ತಹೀನತೆ ನಾಲ್ಕನೇ ಸುತ್ತಿನ ಶೇ 53.1ರಿಂದ 2019–21ರ ಐದನೇ ಸುತ್ತಿನಲ್ಲಿ ಶೇ 57ಕ್ಕೆ ಏರಿತು ಎಂಬ ಸುದ್ದಿ ಬಂದಾಗ, 2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಎಂಬ ಸರ್ಕಾರಿ ಕಾರ್ಯಕ್ರಮ ಸೋತಿತೋ ಅಥವಾ ಅಳತೆ ಸೋತಿತೋ ಎಂದು ಕೇಳುವ ಹಕ್ಕು ಯಾರಿಗಾದರೂ ಇದೆ. ಮುಂದಿನ ಸುತ್ತಿನಿಂದ ಈ ಪರೀಕ್ಷೆಯನ್ನೇ ಕೈಬಿಟ್ಟು, ಅಭಿಧಮನಿಯ ರಕ್ತ ಬಳಸುವ ಆಹಾರ ಮತ್ತು ಜೈವಿಕ ಸೂಚಕಗಳ ಪ್ರತ್ಯೇಕ ಸಮೀಕ್ಷೆಯನ್ನು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಗೆ ವಹಿಸಿದ್ದಕ್ಕೆ ಈ ಚರ್ಚೆಯ ಹಿನ್ನೆಲೆಯಿದೆ. ಆದ್ದರಿಂದ ನಿಮ್ಮ 11.7 ಮತ್ತು 12.4 ಸಣ್ಣ ವಿಷಯವಲ್ಲ.

ಗುತ್ತಿಗೆ ನೌಕರ

ಎಲ್ಲರೂ ಪ್ರಶ್ನೆಯ ಸೊಗಸನ್ನು ಹೇಳುತ್ತಿದ್ದೀರಿ, ಸಂಬಳದ ಮಾತು ಯಾರೂ ಎತ್ತಲಿಲ್ಲ. ಎಂಪಿಎಚ್ ಮಾಡಿ ಬೆಂಗಳೂರಿನಲ್ಲೇ ಕೆಲಸ ಮಾಡುತ್ತಿರುವವನಾಗಿ ಹೇಳುತ್ತೇನೆ. ಈ ಕ್ಷೇತ್ರದ ಬಹುಪಾಲು ಕೆಲಸಗಳು ಪ್ರಾಜೆಕ್ಟಿನ ಜೊತೆ ಹುಟ್ಟಿ ಪ್ರಾಜೆಕ್ಟಿನ ಜೊತೆ ಮುಗಿಯುತ್ತವೆ. ಅನುದಾನದ ಕಂತು ತಡವಾದರೆ ಸಂಬಳವೂ ತಡ. ಹಿಂದೆ ನಾನಿದ್ದ ಸಂಸ್ಥೆಯೊಂದರಲ್ಲಿ ಅವಧಿ ವಿಸ್ತರಣೆಯ ಪತ್ರ ಕೈಸೇರುವ ಮೊದಲೇ ಕ್ಷೇತ್ರಕ್ಕೆ ಹೊರಡಬೇಕಾಗುತ್ತಿತ್ತು, ಬಸ್ ಖರ್ಚು ಕೈಯಿಂದಲೇ. ಸರ್ಕಾರಿ ಕಡೆಯಲ್ಲೂ ರೋಗ ಕಣ್ಗಾವಲು ಕಾರ್ಯಕ್ರಮದ ಜಿಲ್ಲಾ ಎಪಿಡೆಮಿಯಾಲಜಿಸ್ಟ್ (ರೋಗ ಹರಡುವಿಕೆಯ ತಜ್ಞ), ಸೂಕ್ಷ್ಮಜೀವಶಾಸ್ತ್ರಜ್ಞರ ಹುದ್ದೆಗಳು ಹೆಚ್ಚಾಗಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆಯವು.

ಹೋಗಬೇಡಿ ಎನ್ನುತ್ತಿಲ್ಲ. ಆದರೆ ಅಪ್ಪನ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಂಪಿಎಚ್‌ಗೆ ಅರ್ಹತೆ ಒಂದೊಂದು ಕಡೆ ಒಂದೊಂದು ಬಗೆ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಂಥ ಕಡೆ ಯಾವ ಪದವೀಧರರಿಗೂ ಬಾಗಿಲು ತೆರೆದಿದೆ, ಇನ್ನು ಕೆಲವು ಕಡೆ ಆರೋಗ್ಯ ಸಂಬಂಧಿ ಪದವಿಯನ್ನೇ ಕೇಳುತ್ತಾರೆ. ಸಾಲ ಮಾಡಿ ದುಬಾರಿ ಶುಲ್ಕದ ಖಾಸಗಿ ಕೋರ್ಸಿಗೆ ಸೇರುವ ಮೊದಲು, ಆ ಕೋರ್ಸಿನ ಹಿಂದಿನ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ, ಎಷ್ಟು ಕಾಲದ ಒಪ್ಪಂದದ ಮೇಲಿದ್ದಾರೆ ಎಂದು ಅವರನ್ನೇ ಕೇಳಿ ತಿಳಿದುಕೊಳ್ಳಿ. ಕಾಲೇಜಿನ ಕೈಪಿಡಿಯಲ್ಲಿ ಅದು ಬರೆದಿರುವುದಿಲ್ಲ.

ನಿವೃತ್ತ ವೈದ್ಯಾಧಿಕಾರಿ

ನೀನು ನನ್ನ ಮೊಮ್ಮಗಳ ವಯಸ್ಸಿನವಳು, ಅದಕ್ಕೇ ಏಕವಚನ, ತಪ್ಪು ತಿಳಿಯಬೇಡಮ್ಮ. ನಿಮ್ಮ ತಂದೆಯವರಿಗೆ ನನ್ನ ಉತ್ತರವನ್ನು ತೋರಿಸು. ಆರೋಗ್ಯ ಇಲಾಖೆಯ ಆಡಳಿತದ ಮೇಲಿನ ಹುದ್ದೆಗಳು ಇಂದಿಗೂ ವೈದ್ಯರ ಕೈಯಲ್ಲೇ ಇವೆ, ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದಲ್ಲೂ ಎಂಡಿ ಆದವರದೇ ಮೇಲುಗೈ. ಜಿಲ್ಲಾ ಆರೋಗ್ಯಾಧಿಕಾರಿಯಾಗುವುದು ನಿನ್ನ ಆಸೆಯಾಗಿದ್ದರೆ ಈ ದಾರಿ ಅಲ್ಲಿಗೆ ತಲುಪಿಸುವುದಿಲ್ಲ. ಸಂಶೋಧನೆಯ ಮಾತು ಬೇರೆ. ನಿಮ್ಹಾನ್ಸ್‌ನ ಎಪಿಡೆಮಿಯಾಲಜಿ ವಿಭಾಗವಾಗಲಿ, ಕೋರಮಂಗಲದ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಾಗಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಕ್ಷೇತ್ರ ಕೇಂದ್ರ ಇಟ್ಟುಕೊಂಡಿರುವ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಆಗಲಿ, ಬರೀ ವೈದ್ಯರಿಂದ ನಡೆಯುವ ಸಂಸ್ಥೆಗಳಲ್ಲ.

ಇನ್ನು ಆ ನೀಲಿ ಮಾತ್ರೆಯ ಮಾತು. "ಹೇಗೂ ಎಲ್ಲರಿಗೂ ಕೊಡ್ತೀವಲ್ಲ" ಎಂದವರ ಮೇಲೆ ಸಿಟ್ಟಾಗಬೇಡ. ಹದಿಹರೆಯದವರಿಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುವ ಕಾರ್ಯಕ್ರಮ ಹಿಮೋಗ್ಲೋಬಿನ್ ನೋಡಿ ಕೊಡುವಂಥದ್ದಲ್ಲ, ಆದ್ದರಿಂದ ಆ ಹುಡುಗಿಯ ಮಟ್ಟಿಗೆ ಅವರು ಹೇಳಿದ್ದು ಸರಿ. ಅದೇ ಅಂಕಿ ತಾಲ್ಲೂಕಿನ ವರದಿಗೆ ಸೇರಿ, ಈ ವರ್ಷ ರಕ್ತಹೀನತೆ ಏರಿತು ಎಂದು ಮೇಲಿನಿಂದ ನೋಟಿಸ್ ಬಂದಾಗ ಕಷ್ಟ ಶುರುವಾಗುತ್ತದೆ. ನಾನು ಸೇವೆಯಲ್ಲಿದ್ದಾಗ ಅಂಥ ನೋಟಿಸಿಗೆ ಉತ್ತರ ಬರೆಯುವುದರಲ್ಲೇ ಸಿಬ್ಬಂದಿಯ ದಿನಗಳು ಕಳೆಯುತ್ತಿದ್ದವು. ಒಬ್ಬಳ ಚಿಕಿತ್ಸೆಗೆ ಸಾಲುವ ಅಳತೆ, ಊರಿನ ಲೆಕ್ಕಕ್ಕೆ ಸಾಲದೇ ಹೋಗಬಹುದು. ಇದನ್ನು ನಿನ್ನ ಬರಹದಲ್ಲಿ ಸೇರಿಸು.

ಬೆಂಚ್ ಬಿಡದವರು

ಒಂದು ಸೇರ್ಪಡೆ. ಹಿಮೋಗ್ಲೋಬಿನ್ ಸರಿಯಾಗಿ ಅಳೆದರೂ ಕಾರಣ ತಿಳಿಯುವುದಿಲ್ಲ. ಕಬ್ಬಿಣಾಂಶದ ಕೊರತೆ, ಬಿ12 ಕೊರತೆ, ಫೋಲೇಟ್ ಕೊರತೆ, ಸೋಂಕು, ಥಲಸೇಮಿಯಾ, ಇವೆಲ್ಲ ಒಂದೇ ಅಂಕಿಯ ಹಿಂದೆ ಅಡಗಿರಬಹುದು. ಕಬ್ಬಿಣಾಂಶಕ್ಕೆ ಅದರ ದಾಸ್ತಾನನ್ನು ತೋರಿಸುವ ಫೆರಿಟಿನ್ ಎಂಬ ಪ್ರೋಟೀನ್ ನೋಡುತ್ತೇವೆ, ಆದರೆ ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿ ಏರಿ ಕೊರತೆಯನ್ನು ಮರೆಮಾಡುತ್ತದೆ, ಅದಕ್ಕಾಗಿ ಜೊತೆಗೆ ಉರಿಯೂತದ ಸೂಚಕವಾದ ಸಿಆರ್‌ಪಿ ಅಳೆಯಬೇಕಾಗುತ್ತದೆ. ಜೀವರಸಾಯನಶಾಸ್ತ್ರ ಓದಿದವರಿಗೆ ಇದು ಪಾಠದ ವಿಷಯ. ಎಂಪಿಎಚ್ ತರಗತಿಯಲ್ಲಿ ಇದನ್ನು ಬಲ್ಲವರು ವಿರಳ.

ಕ್ಷೇತ್ರಕಾರ್ಯ

ಇಷ್ಟು ಬೇಗ ಅಳತೆಯೊಂದಕ್ಕೇ ಕಟ್ಟಿಹಾಕುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆ ಮಾತ್ರೆಯನ್ನು ಹುಡುಗಿಯರು ನುಂಗುತ್ತಾರೋ, ಹೊಟ್ಟೆ ತೊಳಸುತ್ತದೆಂದು ಕಿಟಕಿಯಿಂದ ಆಚೆ ಎಸೆಯುತ್ತಾರೋ ಎಂಬುದು ಯಾವ ಕ್ಯುವೆಟ್‌ನಲ್ಲೂ ಕಾಣಿಸದು. ಆದರೆ ಎಲ್ಲವನ್ನೂ ಒಬ್ಬರೇ ಮಾಡಬೇಕಿಲ್ಲ, ಆ ಭಾಗ ಯಾರದು ಎಂದು ತಿಳಿದಿದ್ದರೆ ಸಾಕು.

ಸರಾಸರಿ

ಅದಕ್ಕೂ ಮೊದಲು ಲೆಕ್ಕ ಕಲಿಯಲಿ. ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆಯವರು ಆರೋಗ್ಯ ಸಂಶೋಧನೆಯ ಮೂಲ ಪಾಠಗಳನ್ನು ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕಲಿಕೆಯ ತಾಣದ ಮೂಲಕ ನಡೆಸುತ್ತಾರೆ, ಪದವಿ ವಿದ್ಯಾರ್ಥಿಗೂ ಅರ್ಥವಾಗುವ ಮಟ್ಟದಲ್ಲಿದೆ. ಜೊತೆಗೆ ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ (R) ತಂತ್ರಾಂಶ ಉಚಿತ. ನಾನು ಮೇಲೆ ಹೇಳಿದ ಶೇ 20 ಮತ್ತು 26ರ ಲೆಕ್ಕವನ್ನು ಅದರಲ್ಲಿ ನೀವೇ ಮಾಡಿ ನೋಡಿ, ನಾಲ್ಕೈದು ಸಾಲಿನ ಕೆಲಸ.

ಐದನೇ ಸೆಮಿಸ್ಟರ್

ಲೆಕ್ಕ ಮಾಡಿದೆ ಸರ್, ಹತ್ತು ಸಾವಿರ ಕಾಲ್ಪನಿಕ ವ್ಯಕ್ತಿಗಳನ್ನಿಟ್ಟುಕೊಂಡು ಮಾಡಿದಾಗಲೂ 20 ಮತ್ತು 26ರ ಆಸುಪಾಸಿನಲ್ಲೇ ಬರುತ್ತಿದೆ. ಎಲ್ಲರ ಸಲಹೆ ಓದಿ ಎರಡನೇ ಕರಡು ಬರೆದಿದ್ದೇನೆ:

"ಜನಸಮೂಹದ ರಕ್ತಹೀನತೆಯನ್ನು ಅಂದಾಜು ಮಾಡುವಾಗ ರಕ್ತ ತೆಗೆಯುವ ಮತ್ತು ಅಳೆಯುವ ಕ್ರಮದಿಂದ ಎಷ್ಟು ದೋಷ ಸೇರುತ್ತದೆ ಎಂಬುದನ್ನು ಅಧ್ಯಯನ ಮಾಡಲು ಬಯಸುತ್ತೇನೆ. ಮಾಗಡಿ ತಾಲ್ಲೂಕಿನ ಶಾಲೆಯೊಂದರ ಶಿಬಿರದಲ್ಲಿ ಒಬ್ಬ ವಿದ್ಯಾರ್ಥಿನಿಯ ಎರಡು ಬೆರಳುಗಳಿಂದ ಬಂದ ಎರಡು ಅಂಕಿಗಳು ಗಡಿಯ ಆಚೀಚೆ ಬಿದ್ದದ್ದನ್ನು ಕಂಡು ಈ ಪ್ರಶ್ನೆ ಹುಟ್ಟಿತು. ಒಬ್ಬರ ಚಿಕಿತ್ಸೆಗೆ ಸಾಕಾಗುವ ಅಳತೆ ಒಂದು ಕಾರ್ಯಕ್ರಮದ ಸೋಲು ಗೆಲುವನ್ನು ನಿರ್ಧರಿಸಲು ಸಾಕಾಗದಿರಬಹುದು. ಬೇಸಿಗೆಯಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ ಮತ್ತು ಸಿಆರ್‌ಪಿ ಪರೀಕ್ಷೆಗಳ ಗುಣಮಟ್ಟ ನಿಯಂತ್ರಣವನ್ನು ಪ್ರಯೋಗಾಲಯದಲ್ಲಿ ಕಲಿಯಲು, ನಂತರ ಎಪಿಡೆಮಿಯಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದು ಪೌಷ್ಟಿಕಾಂಶ ಸಮೀಕ್ಷೆಗಳ ವಿನ್ಯಾಸದಲ್ಲಿ ಕೆಲಸ ಮಾಡಲು ಉದ್ದೇಶಿಸಿದ್ದೇನೆ."

ಸಂಬಳದ ವಿಷಯವನ್ನು ಮನೆಯಲ್ಲಿ ಮುಚ್ಚಿಡದೆ ಹೇಳಿದೆ. ಶುಲ್ಕ ಕಡಿಮೆ ಇರುವ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಅರ್ಜಿ, ಸಿಗದಿದ್ದರೆ ಎಂಎಸ್ಸಿ ಜೀವರಸಾಯನಶಾಸ್ತ್ರ ಎಂದು ಒಪ್ಪಂದವಾಗಿದೆ. ಶಿಬಿರದ ಅಂಕಿಗಳ ಪಟ್ಟಿ ನಮ್ಮ ಕಾಲೇಜಿನಲ್ಲೇ ಇದೆಯಂತೆ. ಅದನ್ನು ಪಡೆದು ಒಂದು ಸಣ್ಣ ಪ್ರಬಂಧ ಮಾಡಬಹುದೇ?

ಗುತ್ತಿಗೆ ನೌಕರ

ಎರಡನೇ ದಾರಿಯನ್ನೂ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಕರಡು ಮೊದಲಿನದಕ್ಕಿಂತ ಎಷ್ಟೋ ಮೇಲು.

ಕ್ಷೇತ್ರಕಾರ್ಯ

ಪಟ್ಟಿಯನ್ನು ಮುಟ್ಟುವ ಮೊದಲು ಕಾಲೇಜಿಗೆ ನೈತಿಕ ಸಮಿತಿ ಇದೆಯೇ ಎಂದು ಕೇಳಿ. ಅವರು ಅಪ್ರಾಪ್ತ ವಯಸ್ಸಿನ ಮಕ್ಕಳು, ತಪಾಸಣೆಗೆಂದು ರಕ್ತ ಕೊಟ್ಟವರೇ ಹೊರತು ಸಂಶೋಧನೆಗೆಂದಲ್ಲ. ಹೆಸರು ತೆಗೆದ ಹಳೆಯ ದತ್ತಾಂಶವಾದರೂ ಸಮಿತಿಯ ಮುಂದಿಟ್ಟು ಒಪ್ಪಿಗೆ ಅಥವಾ ವಿನಾಯಿತಿ ಪಡೆಯಬೇಕು, ತೀರ್ಮಾನ ನಾವೇ ಮಾಡಿಕೊಳ್ಳುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಮಕ್ಕಳ ಭಾಗವನ್ನು ಓದಿಕೊಳ್ಳಿ. ಸಮಿತಿ ಇಲ್ಲದಿದ್ದರೆ ಆ ಪಟ್ಟಿಯನ್ನು ಬಿಟ್ಟು, ಸಾರ್ವಜನಿಕವಾಗಿ ದೊರೆಯುವ ಸಮೀಕ್ಷಾ ದತ್ತಾಂಶದ ಮೇಲೆ ಕೆಲಸ ಮಾಡಿ.

ಅದೇ ಕಾರಣಕ್ಕೆ ಕರಡಿನಿಂದ ತಾಲ್ಲೂಕಿನ ಹೆಸರನ್ನು ತೆಗೆಯಿರಿ. "ಗ್ರಾಮೀಣ ಪ್ರೌಢಶಾಲೆಯೊಂದರ ಶಿಬಿರ" ಎಂದರೆ ಸಾಕು. ಮೇಲಿನ ನಿಮ್ಮ ಎರಡನೇ ಉತ್ತರದಲ್ಲೂ ಅದನ್ನು ಬದಲಾಯಿಸಲು ನಿರ್ವಾಹಕರನ್ನು ಕೇಳಿಕೊಳ್ಳಿ.

ಐದನೇ ಸೆಮಿಸ್ಟರ್

ಕರಡಿನಲ್ಲಿ ತೆಗೆದಿದ್ದೇನೆ, ನಿರ್ವಾಹಕರಿಗೂ ಬರೆದಿದ್ದೇನೆ. ನಮ್ಮ ಕಾಲೇಜಿನಲ್ಲಿ ನೈತಿಕ ಸಮಿತಿ ಇಲ್ಲವೆಂದು ಮೇಡಂ ತಿಳಿಸಿದರು, ಆದ್ದರಿಂದ ಶಿಬಿರದ ಪಟ್ಟಿಯ ಆಲೋಚನೆಯನ್ನು ಕೈಬಿಟ್ಟಿದ್ದೇನೆ. ಕರಡನ್ನು ಸೋಮವಾರ ಅವರಿಗೆ ಮತ್ತೆ ತೋರಿಸುತ್ತೇನೆ.